ರಣಜಿ ಟ್ರೋಫಿ: ಗೆದ್ದ ತಂಡವೇ ಮೇಲಾದ ತಂಡವೆ?

ಸಿರುಗುಪ್ಪದ ಸುತ್ತಮುತ್ತ ಭತ್ತದ ಕೊಯ್ಲು ಮುಗಿದೊಡನೆ, ಬಯಲಾದ ಗದ್ದೆಗಳಲ್ಲಿ ಬದುಗಳನ್ನೇ ಎಲ್ಲೆಯಾಗಿ ಮಾಡಿಕೊಂಡು ಹುಡುಗರು ಕ್ರಿಕೆಟ್ ಆಡತೊಡಗುವುದನ್ನು ಈ ಸೀಮೆಯವರೆಲ್ಲರೂ ಬಲ್ಲರು. ಅಂತಹ ಒಂದು ಬಯಲಿನಲ್ಲಿ ಮೂರು ಊರುಗಳ ತಂಡಗಳು ಸೇರಿದ್ದವು. ಬಳ್ಳಾರಿಯವರು ಸಿರುಗುಪ್ಪದವರನ್ನು ಸೋಲಿಸಿದರು. ಸಿರುಗುಪ್ಪದವರು ಕುರುಗೋಡಿನವರನ್ನು ಸೋಲಿಸಿದರು. ಕುರುಗೋಡಿನವರು ಬಳ್ಳಾರಿಯವರನ್ನು ಸೋಲಿಸಿಬಿಟ್ಟರು! ಹೊತ್ತು ಮುಳುಗುತ್ತಿತ್ತು. ವ್ಯವಸ್ಥಾಪಕರು ಚೀಟಿ ಎತ್ತಿಸಿ ಕಪ್ಪನ್ನು ಕೊಟ್ಟು ಕೈ ತೊಳೆದುಕೊಂಡರು. ಮರುದಿನ ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಗಳನ್ನು ಎಣಿಸುತ್ತಿದ್ದ ಕುರುಗೋಡಿನ ವಿದ್ಯಾರ್ಥಿಯೊಬ್ಬನು, "ಸಾರ್, ಚೀಟಿಯಲ್ಲಿ ಸೋತರೆ ಆಟದಲ್ಲಿ ಸೋತಂತೆಯೆ?" ಎಂದು ಕೇಳಿದನು. ಅಂದು ನಾನು ನಕ್ಕು ಸುಮ್ಮನಾದೆನು. ಆದರೆ ಆ ಪ್ರಶ್ನೆಯು ಚಿಕ್ಕದಲ್ಲ. ನಮ್ಮ ದೇಶದ ಅತಿ ಮುಖ್ಯವಾದ ಕ್ರಿಕೆಟ್ ಪಂದ್ಯಾವಳಿಯು ತೊಂಬತ್ತು ವರ್ಷಗಳಿಂದ ಇದೇ ಪ್ರಶ್ನೆಗೆ ಬಗೆಬಗೆಯ ಉತ್ತರಗಳನ್ನು ಹುಡುಕುತ್ತ ಬಂದಿದೆ.

ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯವು 1934ನೆಯ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ಮೈಸೂರು ಮತ್ತು ಮದರಾಸು ತಂಡಗಳ ನಡುವೆ ನಡೆಯಿತು. ಮೈಸೂರು 48 ಮತ್ತು 59 ರನ್ನುಗಳಿಗೆ ಉರುಳಿತು. ಮದರಾಸು 130 ರನ್ನು ಗಳಿಸಿತ್ತು. ಒಂದೇ ದಿನದಲ್ಲಿ ಎಲ್ಲವೂ ಮುಗಿಯಿತು. (ಆಗ ಬಳ್ಳಾರಿಯು ಮದರಾಸು ಪ್ರಾಂತಕ್ಕೆ ಸೇರಿದ್ದು, ಮೈಸೂರು ರಾಜ್ಯವನ್ನು ಕೂಡಿಕೊಂಡದ್ದು 1953ರ ಅಕ್ಟೋಬರ್ 1ರಂದು. ಆದುದರಿಂದ ನಮ್ಮ ಊರಿನವರು ಅಂದು ಯಾರ ಗೆಲುವನ್ನು ಹಾರೈಸಿದರೆಂಬುದು ಕುತೂಹಲದ ಸಂಗತಿ!) ಈ ಬಗೆಯ ಪಂದ್ಯದಲ್ಲಿ ಯಾರು ಮೇಲೆಂಬ ಬಗ್ಗೆ ವಾದಕ್ಕೆ ಎಡೆಯಿಲ್ಲ. ತೊಡಕು ಹುಟ್ಟುವುದು, ಗೊತ್ತಾದ ದಿನಗಳಲ್ಲಿ ಪಂದ್ಯವು ಮುಗಿಯದೆ ಹೋದಾಗ. ಸೋತ ತಂಡ ಹೊರಕ್ಕೆ ಹೋಗಬೇಕಾದ ನಾಕೌಟ್ ಕ್ರಮದಲ್ಲಿ 'ಡ್ರಾ' ಎಂಬ ಫಲಿತಾಂಶಕ್ಕೆ ಸ್ಥಳವಿಲ್ಲವಷ್ಟೆ. ಅದಕ್ಕಾಗಿ ಏರ್ಪಟ್ಟ ನಿಯಮವೇ ಮೊದಲ ಇನ್ನಿಂಗ್ಸಿನ ಮುನ್ನಡೆ. ಎರಡೂ ತಂಡಗಳು ಒಂದೊಂದು ಇನ್ನಿಂಗ್ಸ್ ಆಡಿದ ಮೇಲೆ ಯಾರ ರನ್ನು ಹೆಚ್ಚೋ ಅವರೇ ಮುಂದಿನ ಸುತ್ತಿಗೆ ಹೋಗತಕ್ಕವರು.

ಈ ನಿಯಮಕ್ಕೆ ಕರ್ನಾಟಕವು ಋಣಿಯೂ ಹೌದು, ಬಲಿಯೂ ಹೌದು. 1958-59ರಿಂದ 1972-73ರವರೆಗೆ ಸತತವಾಗಿ ಹದಿನೈದು ವರ್ಷ ಬೊಂಬಾಯಿಯೇ ರಣಜಿ ಟ್ರೋಫಿಯನ್ನು ಗೆದ್ದಿತು. ಆ ಸರಪಳಿ ಮುರಿದದ್ದು 1974ರಲ್ಲಿ, ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ. ಕರ್ನಾಟಕ 385, ಬೊಂಬಾಯಿ 307. ವಿಶ್ವನಾಥರ 162 ರನ್ನುಗಳನ್ನೂ ಪ್ರಸನ್ನರ ಬೌಲಿಂಗನ್ನೂ ಹಿರಿಯರು ಈಗಲೂ ವರ್ಣಿಸುತ್ತಾರೆ. ಆದರೆ ಆ ಪಂದ್ಯವು ಡ್ರಾ ಆಗಿತ್ತು, ನಮಗೆ ದೊರೆತದ್ದು 78 ರನ್ನುಗಳ ಮುನ್ನಡೆ ಮಾತ್ರ ಎಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಎಂಟು ವರ್ಷಗಳ ಬಳಿಕ, 1982ರ ಫೈನಲ್ಲಿನಲ್ಲಿ, ಕರ್ನಾಟಕವು 705 ರನ್ನುಗಳ ಬೆಟ್ಟವನ್ನೇ ಒಟ್ಟಿತು. ದೆಹಲಿಯು 8 ವಿಕೆಟ್ಟುಗಳಿಗೆ 707 ಮಾಡಿ ಟ್ರೋಫಿಯನ್ನು ಕೊಂಡೊಯ್ದಿತು!

ಇನ್ನೂ ಸೂಕ್ಷ್ಮವಾದ ನಿದರ್ಶನಗಳು 2024-25ರ ಋತುವಿನಲ್ಲಿ ದೊರೆತವು. ಕ್ವಾರ್ಟರ್ ಫೈನಲ್ಲಿನಲ್ಲಿ ಜಮ್ಮು-ಕಾಶ್ಮೀರ 280, ಕೇರಳ 281. ಪಂದ್ಯ ಡ್ರಾ, ಕೇರಳ ಮುಂದಕ್ಕೆ. ಸೆಮಿಫೈನಲ್ಲಿನಲ್ಲಿ ಕೇರಳ 457, ಗುಜರಾತು 455. ಮತ್ತೆ ಡ್ರಾ, ಮತ್ತೆ ಕೇರಳವೇ ಮುಂದಕ್ಕೆ. ಗುಜರಾತಿನ ಕೊನೆಯ ದಾಂಡಿಗನು ಬಲವಾಗಿ ಬೀಸಿದ ಚೆಂಡು ಹತ್ತಿರದಲ್ಲೇ ನಿಂತಿದ್ದ ಫೀಲ್ಡರನ ಶಿರಸ್ತ್ರಾಣಕ್ಕೆ ಬಡಿದು ಪುಟಿದು, ಸ್ಲಿಪ್ಪಿನಲ್ಲಿದ್ದವನ ಕೈಗೆ ಬಿದ್ದಿತು. ಗುಂಡಾದ ಮೇಲ್ಮೈಯಿಂದ ಚೆಂಡು ಪುಟಿಯುವ ದಿಕ್ಕು, ಅದು ತಾಗುವ ಬಿಂದುವು ಕೂದಲೆಳೆಯಷ್ಟು ಸರಿದರೂ ಬಹಳವಾಗಿ ಬದಲಾಗುವುದೆಂಬುದನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಫೈನಲ್ಲಿನಲ್ಲಿ ವಿದರ್ಭವು 379, ಕೇರಳವು 342. ಅದೂ ಡ್ರಾ; ಮುನ್ನಡೆಯಿಂದ ವಿದರ್ಭವು ಚಾಂಪಿಯನ್.

ಈಗ ನಮ್ಮ ಪ್ರಯೋಗಶಾಲೆಯ ಕಡೆಗೆ ತಿರುಗೋಣ. ಯಾವ ಉಪಕರಣಕ್ಕೂ ತಾನು ಗುರುತಿಸಬಲ್ಲ ಅತಿ ಚಿಕ್ಕ ಅಂತರವೊಂದಿರುತ್ತದೆ. ಸಾಮಾನ್ಯ ಅಳತೆಪಟ್ಟಿಯಿಂದ ಎರಡು ತಂತಿಗಳ ದಪ್ಪವನ್ನು ಹೋಲಿಸಲು ಹೊರಟವನನ್ನು ನಾವು ನಗುತ್ತೇವೆ. ಕ್ರಿಕೆಟ್ಟಿನ ಒಂದು ಇನ್ನಿಂಗ್ಸನ್ನು ಅಳತೆಯ ಉಪಕರಣವೆಂದು ತಿಳಿದರೆ, ಅದು ಎಷ್ಟು ಅಂತರವನ್ನು ಗುರುತಿಸಬಲ್ಲುದು?

ಒಂದು ಒರಟು ಲೆಕ್ಕವನ್ನು ಹಾಕಬಹುದು. ಇನ್ನಿಂಗ್ಸ್ ಎಂಬುದು ಹತ್ತು ಜೊತೆಯಾಟಗಳ ಮೊತ್ತ. ಒಂದು ತಂಡದ ಜೊತೆಯಾಟಗಳ ಸರಾಸರಿ 30 ರನ್ನು ಎನ್ನೋಣ. ಆಗ ಇನ್ನಿಂಗ್ಸಿನ ಸರಾಸರಿ 300 ಆಗುವುದು. ಯಾವ ಚೆಂಡಿಗಾದರೂ ಔಟಾಗುವ ಸಂಭವ ಒಂದೇ ಸಮನಾಗಿದೆಯೆಂದು ಭಾವಿಸಿದರೆ, ಜೊತೆಯಾಟದ ರನ್ನುಗಳಲ್ಲಿ ಆಗುವ ಏರುಪೇರು (ಗಣಿತಜ್ಞರ ಮಾನಕ ವಿಚಲನೆ) ಸರಾಸರಿಗೆ ಸರಿಸುಮಾರಾಗಿ ಸಮನಾಗಿರುತ್ತದೆ, ಎಂದರೆ 30. ಪರಸ್ಪರ ಸಂಬಂಧವಿಲ್ಲದ ಹತ್ತು ಏರುಪೇರುಗಳು ಕೂಡಿದಾಗ ಮೊತ್ತದ ಏರುಪೇರು ಹತ್ತರಷ್ಟಲ್ಲ, ಹತ್ತರ ವರ್ಗಮೂಲದಷ್ಟು ಹೆಚ್ಚುತ್ತದೆ: 30 × 3.16, ಅಂದರೆ ಸುಮಾರು 95 ರನ್ನು. ಎರಡು ಇನ್ನಿಂಗ್ಸುಗಳ ವ್ಯತ್ಯಾಸವನ್ನು ತೆಗೆದುಕೊಂಡರೆ ಇದು ಎರಡರ ವರ್ಗಮೂಲದಷ್ಟು ಬೆಳೆದು ಸುಮಾರು 134 ಆಗುವುದು. ಪಿಚ್ಚು, ಹವೆ, ದಾಂಡಿಗರ ಕ್ರಮ ಮೊದಲಾದುವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಆದರೂ ಪ್ರಮಾಣದ ಅರಿವಿಗೆ ಇಷ್ಟು ಸಾಕು.

ಒಂದು ರನ್ನಿನ ಮುನ್ನಡೆಯ ಮಾತು ಹಾಗಿರಲಿ, ನಮಗೆ ಅಷ್ಟು ಪ್ರಿಯವಾದ 78 ರನ್ನುಗಳೂ ಈ 134ರ ಒಳಗೇ ಅಡಗಿಹೋಗುತ್ತವೆ! ಬೇರೊಂದು ರೀತಿಯಲ್ಲಿ ನೋಡಿದರೆ, ಎದುರಾಳಿಗಿಂತ ನೂರಕ್ಕೆ ಹತ್ತರಷ್ಟು ಬಲಿಷ್ಠವಾದ, ಎಂದರೆ ಸರಾಸರಿ 330 ರನ್ನು ಗಳಿಸುವ ತಂಡವು ಮೊದಲ ಇನ್ನಿಂಗ್ಸಿನ ಮುನ್ನಡೆ ಪಡೆಯುವ ಸಂಭವ ನೂರರಲ್ಲಿ ಸುಮಾರು 58 ಮಾತ್ರ. ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ ಹೀಗೆಯೇ ದಾಟಬೇಕಾದರೆ 0.58ನ್ನು ಮೂರು ಸಲ ಗುಣಿಸಬೇಕು, ದೊರೆಯುವುದು 0.195. ಎಂಟು ತಂಡಗಳೂ ಸಮಬಲದವಾಗಿದ್ದಲ್ಲಿ ಪ್ರತಿಯೊಂದಕ್ಕೂ 0.125 ಇರುತ್ತಿತ್ತು. ಎಂದರೆ ಎಲ್ಲರಿಗಿಂತ ಮೇಲಾದ ತಂಡವೂ ಐದು ವರ್ಷಗಳಲ್ಲಿ ನಾಲ್ಕು ಬಾರಿ ಬರಿಗೈಯಲ್ಲಿ ಮರಳುವುದು.

ಪೂರ್ಣವಾಗಿ ಮುಗಿದ ಪಂದ್ಯದಲ್ಲಿಯೂ ಅನುಮಾನ ಪೂರ್ತಿಯಾಗಿ ಕಳೆಯುವುದಿಲ್ಲ. 2010ರ ಜನವರಿಯಲ್ಲಿ ಮೈಸೂರಿನ ಫೈನಲ್ಲಿನಲ್ಲಿ 338 ರನ್ನುಗಳ ಗುರಿಯನ್ನು ಬೆನ್ನಟ್ಟಿದ ಕರ್ನಾಟಕವು, ಮನೀಷ್ ಪಾಂಡೆಯವರ 144 ರನ್ನುಗಳ ನೆರವಿದ್ದೂ 331ಕ್ಕೆ ನಿಂತಿತು. ನಾಲ್ಕು ಇನ್ನಿಂಗ್ಸುಗಳಲ್ಲಿ ಒಟ್ಟು 928 ರನ್ನು, ಅಂತರ 6. ಅಂದು ಮುಂಬಯಿಯು ಗೆದ್ದಿತೆಂಬುದು ನಿಜ. ಮುಂಬಯಿಯು ಮೇಲಾಗಿತ್ತೆಂಬುದು ಆ 6 ರನ್ನುಗಳಿಂದ ಸಿದ್ಧವಾಗುವುದಿಲ್ಲ. ಈ ಎರಡು ವಾಕ್ಯಗಳ ನಡುವಣ ಭೇದವೇ ನಮ್ಮ ಕುರುಗೋಡಿನ ಹುಡುಗನ ಪ್ರಶ್ನೆಯ ತಿರುಳು.

ಪರಿಹಾರವೇನು? ಲೋಲಕದ ಒಂದೇ ಆಂದೋಲನವನ್ನು ಅಳೆದು ಗುರುತ್ವವನ್ನು ಲೆಕ್ಕಹಾಕುವ ವಿದ್ಯಾರ್ಥಿಗೆ ನಾನು ಅಂಕ ಕೊಡುವುದಿಲ್ಲ. ಇಪ್ಪತ್ತು ಆಂದೋಲನಗಳನ್ನು ಎಣಿಸಿ, ಅದನ್ನೂ ಮೂರು ಬಾರಿ ಮಾಡಿ, ಸರಾಸರಿ ತೆಗೆಯಬೇಕು. ಮೇಲಿನ ಅವೇ ಎರಡು ತಂಡಗಳು ಏಳು ಬಾರಿ ಎದುರಾಗಿ, ಮೊದಲ ಇನ್ನಿಂಗ್ಸಿನ ರನ್ನುಗಳನ್ನೆಲ್ಲ ಕೂಡಿ ನೋಡಿದರೆ, ಬಲಿಷ್ಠ ತಂಡವು ಮೇಲಾಗಿ ಕಾಣುವ ಸಂಭವ 58ರಿಂದ 71ಕ್ಕೆ ಏರುತ್ತದೆ. ಆರಂಭದಲ್ಲಿ ವಲಯಗಳೊಳಗೂ ನಾಕೌಟ್ ಆಗಿದ್ದ ರಣಜಿ ಪಂದ್ಯಾವಳಿಯು 1957-58ರಲ್ಲಿ ವಲಯಮಟ್ಟದ ಲೀಗಿಗೆ ತಿರುಗಿದುದರಿಂದ ಇಂತಹ ಲಾಭವೇ ದೊರೆಯಿತು. 2002-03ರಲ್ಲಿ ವಲಯಗಳನ್ನೂ ಬಿಟ್ಟು, ಬಲಾಬಲಕ್ಕೆ ತಕ್ಕಂತೆ ಎಲೀಟ್ ಮತ್ತು ಪ್ಲೇಟ್ ಎಂಬ ವಿಭಾಗಗಳನ್ನು ಮಾಡಲಾಯಿತು. 2024-25ರಲ್ಲಿ ಎಲೀಟ್ ವಿಭಾಗದ 32 ತಂಡಗಳು ನಾಲ್ಕು ಗುಂಪುಗಳಲ್ಲಿ ತಲಾ ಏಳು ಪಂದ್ಯಗಳನ್ನಾಡಿದವು. ಪೂರ್ಣ ಗೆಲುವಿಗೆ 6 ಅಂಕ, ಡ್ರಾದಲ್ಲಿ ಮುನ್ನಡೆಗೆ 3, ಹಿನ್ನಡೆಗೆ 1. ಎಲ್ಲರೂ ಎಲ್ಲರೊಡನೆ ಆಡಬೇಕೆಂದರೆ? ಪ್ಲೇಟ್ ವಿಭಾಗವನ್ನೂ ಸೇರಿಸಿ 38 ತಂಡಗಳಿಗೆ 38 × 37 ÷ 2, ಅಂದರೆ 703 ಪಂದ್ಯಗಳು. ನಾಲ್ಕು ದಿನಗಳ ಪಂದ್ಯವಾದುದರಿಂದ ಒಂದೊಂದು ತಂಡವೂ 148 ದಿನ ಮೈದಾನದಲ್ಲಿರಬೇಕು! ಶುದ್ಧ ನಾಕೌಟ್ ಆದರೆ 37 ಪಂದ್ಯಗಳೇ ಸಾಕು. ನಿಖರತೆಗೂ ಕಾಲಕ್ಕೂ ಇರುವ ಈ ಚೌಕಾಸಿ ತಪ್ಪಿದ್ದಲ್ಲ.

ಲೀಗಿನಲ್ಲಿಯೂ ನಮ್ಮ ಮೂರು ಊರುಗಳ ಚಕ್ರ ಏಳಬಹುದು. ತೂಕದಲ್ಲಿ ಅ ಎಂಬುದು ಆ ಎಂಬುದಕ್ಕಿಂತ ಭಾರ, ಆ ಎಂಬುದು ಇ ಎಂಬುದಕ್ಕಿಂತ ಭಾರವಾದರೆ, ಅ ಎಂಬುದು ಇ ಎಂಬುದಕ್ಕಿಂತ ಭಾರವೇ ಸರಿ. ಗೆಲುವಿಗೆ ಈ ಗುಣವಿಲ್ಲ. ಮತದಾನದಲ್ಲಿ ಇಂತಹುದೇ ಚಕ್ರವನ್ನು ಫ್ರಾನ್ಸಿನ ಕಾಂಡೋರ್ಸೆ 1785ರಲ್ಲಿಯೇ ತೋರಿಸಿದ್ದನು. ರಣಜಿಯಲ್ಲಿ ಸಮನಾದ ತಂಡಗಳನ್ನು ಬೇರ್ಪಡಿಸಲು ಬಳಸುವ ಒಂದು ಸಾಧನ 'ಕೋಷೆಂಟ್': ವಿಕೆಟ್ಟಿಗೆ ಗಳಿಸಿದ ರನ್ನನ್ನು, ವಿಕೆಟ್ಟಿಗೆ ಬಿಟ್ಟುಕೊಟ್ಟ ರನ್ನಿನಿಂದ ಭಾಗಿಸುವುದು. ಚೀಟಿಗಿಂತ ಇದು ಮೇಲೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಅಮೆರಿಕದವರ ದಾರಿಯೇ ಬೇರೆ. ಅಲ್ಲಿಯ ಕಾಲೇಜುಗಳ ಫುಟ್‌ಬಾಲಿನಲ್ಲಿ (ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ) ನೂರಕ್ಕೂ ಮಿಕ್ಕಿದ ತಂಡಗಳು ವರ್ಷಕ್ಕೆ ಹನ್ನೆರಡರಷ್ಟು ಪಂದ್ಯಗಳನ್ನಾಡುತ್ತವೆ; ಹೆಚ್ಚಿನವು ಒಂದನ್ನೊಂದು ಕಾಣುವುದೇ ಇಲ್ಲ. ಆದುದರಿಂದ 1936ರಿಂದ ಪತ್ರಕರ್ತರೂ 1950ರಿಂದ ತರಬೇತುದಾರರೂ ಮತ ಹಾಕಿ ಚಾಂಪಿಯನ್ನನನ್ನು ಸಾರುತ್ತ ಬಂದರು. 1964ರ ಋತುವಿನಲ್ಲಿ ಅಲಬಾಮಾ ತಂಡವನ್ನು ಚಾಂಪಿಯನ್ ಎಂದು ಸಾರಿದ ಮೇಲೆ ಅದು ತನ್ನ ಕಡೆಯ ಪಂದ್ಯದಲ್ಲಿ ಟೆಕ್ಸಾಸಿಗೆ ಸೋತಿತು! ಎರಡು ಮತದಾನಗಳು ಇಬ್ಬರು ಚಾಂಪಿಯನ್ನರನ್ನು ಹೆಸರಿಸಿದ ವರ್ಷಗಳೂ ಉಂಟು. 1998ರಿಂದ ಮತಗಳಿಗೆ ಗಣಕಯಂತ್ರದ ಲೆಕ್ಕವನ್ನೂ ಬೆರೆಸಿ ಇಬ್ಬರನ್ನು ಆರಿಸಿ ಆಡಿಸತೊಡಗಿದರು. 2003ರಲ್ಲಿ ಅದೂ ಎಡವಿ, ಮತ್ತೆ ಇಬ್ಬರು ಚಾಂಪಿಯನ್ನರಾದರು. 2014ರಿಂದ ನಾಲ್ಕು ತಂಡಗಳ, 2024ರಿಂದ ಹನ್ನೆರಡು ತಂಡಗಳ ನಾಕೌಟ್ ಬಂದಿದೆ.

ಹಾಗಾದರೆ ಬೊಂಬಾಯಿಯ ಹದಿನೈದು ವರ್ಷಗಳೂ ಅದೃಷ್ಟವೆ? ಅಲ್ಲ. ಪ್ರತಿ ವರ್ಷವೂ ಗೆಲ್ಲುವ ಸಂಭವ ಅರ್ಧಕ್ಕರ್ಧವೆಂದರೂ, ಹದಿನೈದು ಬಾರಿ ಸತತವಾಗಿ ಗೆಲ್ಲುವ ಸಂಭವ 32,768ರಲ್ಲಿ ಒಂದು. ವರ್ಷವರ್ಷವೂ 0.9ರಷ್ಟು ಸಂಭವವಿದ್ದರೂ ಆ ಸರಪಳಿಗೆ ದೊರೆಯುವುದು ಸುಮಾರು 0.2 ಮಾತ್ರ. ಒಂದು ಋತುವಿನ ಟ್ರೋಫಿಯು ಹೇಳಲಾರದುದನ್ನು ಹದಿನೈದು ಋತುಗಳು ಸ್ಪಷ್ಟವಾಗಿ ಹೇಳಿವೆ. ಬೆಂಗಳೂರಿನ 78 ರನ್ನುಗಳನ್ನು ನಾನು ಇಂದಿಗೂ ಹೆಮ್ಮೆಯಿಂದಲೇ ನೆನೆಯುತ್ತೇನೆ. ಅದು ಲೆಕ್ಕಕ್ಕೆ ಒಳಪಡದ ಮಾತು.

ಓದುಗರು ತಾವೇ ಪರೀಕ್ಷಿಸಿ ನೋಡಬಹುದು. ನಿಮ್ಮ ಊರಿನ ತಂಡದ ಸ್ಕೋರು ಪುಸ್ತಕದಿಂದ ಇಪ್ಪತ್ತು ಇನ್ನಿಂಗ್ಸುಗಳ ಮೊತ್ತಗಳನ್ನು ಬರೆದುಕೊಳ್ಳಿ. ಸರಾಸರಿಯನ್ನು ಕಂಡುಹಿಡಿದು, ಪ್ರತಿ ಮೊತ್ತವೂ ಅದರಿಂದ ಎಷ್ಟು ದೂರವಿದೆಯೆಂದು ಲೆಕ್ಕಹಾಕಿ, ಆ ಅಂತರಗಳ ವರ್ಗಗಳ ಸರಾಸರಿಗೆ ವರ್ಗಮೂಲವನ್ನು ತೆಗೆಯಿರಿ. ಬಂದ ಸಂಖ್ಯೆಯನ್ನು 1.41ರಿಂದ ಗುಣಿಸಿ, ನಿಮ್ಮ ತಂಡವು ಕಳೆದ ಬಾರಿ ಗೆದ್ದ ಅಥವಾ ಸೋತ ಅಂತರದ ಪಕ್ಕದಲ್ಲಿ ಇಟ್ಟು ನೋಡಿ. ಕುರುಗೋಡಿನ ಆ ವಿದ್ಯಾರ್ಥಿಯು ಈಗಾಗಲೇ ಹದಿನಾಲ್ಕು ಇನ್ನಿಂಗ್ಸುಗಳನ್ನು ಕೂಡಿಹಾಕಿದ್ದಾನೆ.