ನಾಲ್ಕು ಅಗತಿಗಳು, ಒಂದು ಸೂಜಿ

*ಇಂದಿನ ಧಮ್ಮ ಚಿಂತನೆ*

ರಾಜಗೃಹದಲ್ಲಿ ಮುಂಜಾನೆ ಒದ್ದೆ ಬಟ್ಟೆಯಲ್ಲೇ ನಿಂತು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ ಸಿಗಾಲನೆಂಬ ಗೃಹಸ್ಥನಿಗೆ ಬುದ್ಧರು ಮಾಡಿದ ಉಪದೇಶ ನಮಗೆಲ್ಲ ಗೊತ್ತು. ಮನುಷ್ಯ ನಾಲ್ಕು ಕಾರಣಗಳಿಂದ ತಪ್ಪು ದಾರಿ ಹಿಡಿಯುತ್ತಾನೆ ಎಂದು ಅಲ್ಲಿ ಹೇಳಿದೆ: ಛಂದ, ದೋಸ, ಮೋಹ, ಭಯ. ಇವೇ ನಾಲ್ಕು ಅಗತಿಗಳು. ಈ ಪಾಠವನ್ನು ನಾನು ಪುಸ್ತಕದಲ್ಲಿ ಓದಿದ್ದು ಮೊದಲು, ಅರ್ಥವಾದದ್ದು ಆಮೇಲೆ. ಅರ್ಥ ಮಾಡಿಸಿದ್ದು ಒಂದು ಸೂಜಿ.

2017ರ ಫೆಬ್ರವರಿ. ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾಗಿತ್ತು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹಾಕಬೇಕು. ನಮ್ಮ ಶಾಲೆಯಲ್ಲಿ ಲಸಿಕೆಯ ದಿನ ಅರ್ಧ ತರಗತಿ ಖಾಲಿ. ಮನೆಮನೆಗೆ ಹೋಗಿ ವಿಚಾರಿಸಿದೆ.

ಒಬ್ಬ ತಂದೆ, "ಬೇರೆ ಮಕ್ಳೆಲ್ಲ ಹಾಕಿಸ್ಕೊಳ್ಳಲಿ ಟೀಚರ್, ಆಗ ನಮ್ಮೋನಿಗೆ ಯಾಕೆ ಬರುತ್ತೆ?" ಎಂದರು. ಇದು *ಛಂದ*, ನನ್ನದು ಎಂಬ ಪಕ್ಷಪಾತ. ದಡಾರ ಬಂದ ಒಂದು ಮಗುವಿನಿಂದ, ರಕ್ಷಣೆ ಇಲ್ಲದ ಕಡೆ, 12ರಿಂದ 18 ಮಂದಿಗೆ ಹರಡಬಲ್ಲದು. ನೂರಕ್ಕೆ ಸುಮಾರು 95 ಮಂದಿ ಹಾಕಿಸಿಕೊಂಡರಷ್ಟೇ ಅದು ತಡೆಯುತ್ತದೆ. ಎಲ್ಲರೂ ಆ ತಂದೆಯಂತೆ ಯೋಚಿಸಿದರೆ ತಡೆಗೋಡೆ ಎಲ್ಲಿಂದ ಬರಬೇಕು?

ಒಬ್ಬ ಅಜ್ಜಿ, "ಎಮರ್ಜೆನ್ಸಿ ಟೈಮಲ್ಲಿ ಜನಾನ ಹಿಡ್ಕೊಂಡು ಹೋಗಿ ಆಪರೇಷನ್ ಮಾಡಿಸಿದ್ದು ಮರ್ತಿಲ್ಲ ಕಣವ್ವ" ಎಂದು ಬಾಗಿಲು ಮುಚ್ಚಿದರು. ಇದು *ದೋಸ*. ಆದರೆ ಆ ಸಿಟ್ಟು ಸುಳ್ಳಿನಿಂದ ಹುಟ್ಟಿದ್ದಲ್ಲ. ಹಳೆಯ ಅನ್ಯಾಯದ ಗಾಯ ಹೊಸ ಔಷಧಿಯನ್ನೂ ನಂಬಲು ಬಿಡುವುದಿಲ್ಲ.

ಇನ್ನೊಂದು ಮನೆಯಲ್ಲಿ ತಾಯಿ ಮೊಬೈಲ್ ತೋರಿಸಿದರು. ಈ ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ವಾಟ್ಸಾಪ್ ಮೆಸೇಜು. ಇದು *ಮೋಹ*. ಕೋಟಿ ಮಕ್ಕಳು ಕ್ಷೇಮವಾಗಿರುವುದು ಸುದ್ದಿಯಾಗುವುದಿಲ್ಲ, ಒಂದು ಭಯಂಕರ ಕಥೆ ಮಾತ್ರ ಮನಸ್ಸಿಗೆ ಅಂಟುತ್ತದೆ. ಕೇಸಪುತ್ತದ ಕಾಲಾಮರಿಗೆ ಬುದ್ಧರು, ಬರೀ ಕೇಳಿದ್ದರಿಂದಲೇ ಒಪ್ಪಬೇಡಿ ಎಂದದ್ದು ಇಂಥದಕ್ಕೇ.

ಅಂದು ಸ್ಟಾಫ್ ರೂಮಿನಲ್ಲಿ ಕೂತು ನಾನು, "ಎಷ್ಟು ಹೇಳಿದರೂ ಈ ಜನಕ್ಕೆ ಬುದ್ಧಿ ಬರಲ್ಲ" ಎಂದೆ. ಎಂ.ಎ. ಓದಿದವಳ ಅಹಂಕಾರ.

ನಾಲ್ಕು ವರ್ಷ ಕಳೆಯಿತು. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾಯಿತು. ನಮ್ಮವ್ವನಿಗೆ ಆಗ 71, ಸಕ್ಕರೆ ಕಾಯಿಲೆ ಬೇರೆ. ಆಶಾ ಕಾರ್ಯಕರ್ತೆ ಎರಡು ಸಲ ಮನೆಗೆ ಬಂದರು. ಎರಡು ಸಲವೂ ನಾನು, "ಇನ್ನೊಂದಿಷ್ಟು ದಿನ ನೋಡೋಣ" ಎಂದೆ. "ಟೀಚರ್, ನೀವೇ ಹಿಂಗಂದ್ರೆ ಬೇರೆಯವರಿಗೆ ನಾನೇನು ಹೇಳ್ಲಿ?" ಎಂದು ಅವರು ಬೇಸರದಲ್ಲಿ ಹೋದರು.

ನನಗೆ ಲಸಿಕೆಯ ಮೇಲೆ ದ್ವೇಷವಿರಲಿಲ್ಲ. ಮೆಸೇಜುಗಳನ್ನೂ ಪೂರ್ತಿ ನಂಬಿರಲಿಲ್ಲ. ಇದ್ದದ್ದು *ಭಯ*. ನಾನೇ ಕೈಹಿಡಿದು ಕರೆದುಕೊಂಡು ಹೋಗಿ, ಅವ್ವನಿಗೆ ಏನಾದರೂ ಆದರೆ? ಕಾಯಿಲೆ ಬಂದರೆ ಅದು ವಿಧಿ, ಸೂಜಿಯಿಂದ ಆದರೆ ಅದು ನನ್ನ ತಪ್ಪು. ಹೀಗಿತ್ತು ನನ್ನ ಒಳಲೆಕ್ಕ.

ಮೇ ತಿಂಗಳಲ್ಲಿ ಅವ್ವನಿಗೆ ಕೋವಿಡ್ ಬಂತು. ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದರು. ಉಳಿದರು. ಆದರೆ ಇವತ್ತಿಗೂ ಮನೆ ಮೆಟ್ಟಿಲು ಹತ್ತುವಾಗ ಮಧ್ಯೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ನಾನು ಹಿಂದೆಯೇ ನಿಂತಿರುತ್ತೇನೆ. "ನೀನೇನು ಬೇಕಂತ ಮಾಡಿದ್ಯಾ ಮಗಾ" ಎನ್ನುತ್ತಾರೆ.

ಲಸಿಕೆ ಹಾಕಿಸಿದ್ದರೆ ಅವ್ವನಿಗೆ ಏನೂ ಆಗುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ನಾನು ತೀರ್ಮಾನ ಮಾಡಿದ ರೀತಿ ತಪ್ಪು. ಅವ್ವನ ಅಪಾಯವನ್ನು ನಾನು ತೂಗಲೇ ಇಲ್ಲ, ನನ್ನ ತಲೆ ಮೇಲೆ ಬರಬಹುದಾದ ಅಪವಾದವನ್ನು ಮಾತ್ರ ತೂಗಿದೆ.

ಆಮೇಲೆ ಓದಿ ತಿಳಿದುಕೊಂಡೆ. 1990ರಲ್ಲಿ ಇಲಾನಾ ರಿಟೋವ್, ಜೊನಾಥನ್ ಬ್ಯಾರನ್ ಎಂಬ ಮನೋವಿಜ್ಞಾನಿಗಳು ಇದನ್ನೇ ಪರೀಕ್ಷಿಸಿದ್ದರು. ರೋಗಕ್ಕಿಂತ ಲಸಿಕೆಯ ಅಪಾಯ ಕಡಿಮೆ ಎಂದು ಗೊತ್ತಿದ್ದರೂ ಹಲವರು ಮಗುವಿಗೆ ಲಸಿಕೆ ಬೇಡ ಎಂದರು. ಮಾಡಿ ಆಗುವ ಕೆಡುಕು, ಮಾಡದೆ ಆಗುವ ಕೆಡುಕಿಗಿಂತ ದೊಡ್ಡದಾಗಿ ಕಾಣುತ್ತದೆ. ಆದರೆ ಚೇತನೆಯೇ ಕರ್ಮ ಎಂದು ಕಲಿತ ನಾವು ಒಂದನ್ನು ನೆನಪಿಡಬೇಕು: ಗೊತ್ತಿದ್ದೂ ಸುಮ್ಮನಿರುವುದೂ ಒಂದು ಆಯ್ಕೆಯೇ.

ಈಗ ಶಾಲೆಯಲ್ಲಿ 10 ಮತ್ತು 16 ವರ್ಷದ ಮಕ್ಕಳಿಗೆ ಟಿಡಿ ಲಸಿಕೆ ಹಾಕುವಾಗ ಹಿಂಜರಿಯುವ ತಾಯಂದಿರನ್ನು ನಾನು ಗದರುವುದಿಲ್ಲ. ಕೂರಿಸಿ, "ನಿಮಗೆ ಏನು ಭಯ?" ಎಂದು ಕೇಳುತ್ತೇನೆ. ಅವ್ವನ ಮೆಟ್ಟಿಲಿನ ಕಥೆ ಹೇಳುತ್ತೇನೆ. ನನಗೆ ಗೊತ್ತಿಲ್ಲದ್ದನ್ನು ನರ್ಸ್ ಹತ್ತಿರ ಕೇಳೋಣ ಬನ್ನಿ ಎಂದು ಜೊತೆಗೆ ಹೋಗುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ. ಒಪ್ಪದವರೂ ಈಗ ಬಾಗಿಲು ಮುಚ್ಚುವುದಿಲ್ಲ.

🌼 *ಇಂದಿನ ಅಭ್ಯಾಸ:* ನೀವು ಮುಂದೂಡುತ್ತಿರುವ ಒಂದು ತೀರ್ಮಾನವನ್ನು ನೆನಪಿಗೆ ತಂದುಕೊಳ್ಳಿ. ಐದು ನಿಮಿಷ ಉಸಿರನ್ನು ಗಮನಿಸುತ್ತಾ ಕೂತು ಕೇಳಿಕೊಳ್ಳಿ: ಇಲ್ಲಿ ನನ್ನನ್ನು ನಡೆಸುತ್ತಿರುವುದು ಛಂದವೇ, ದೋಸವೇ, ಮೋಹವೇ, ಭಯವೇ? ಆಮೇಲೆ, ಬಲ್ಲವರನ್ನು ಕೇಳಿ.

ಎಲ್ಲರಿಗೂ ಮಂಗಳವಾಗಲಿ.
*ನಮೋ ಬುದ್ಧಾಯ, ಜೈ ಭೀಮ್* 🙏