ಹಲ್ಲಿನ ಚಿಕಿತ್ಸೆಗೆ ಸಾಲ: ಸಹಿ ಹಾಕುವ ಮುನ್ನ ತಿಳಿದಿರಬೇಕಾದ ಲೆಕ್ಕ

ಕಡೂರು ತಾಲ್ಲೂಕಿನ ಸಿಂಗಟಗೆರೆ ಹೋಬಳಿಯು ಚಿಕ್ಕಮಗಳೂರು ಜಿಲ್ಲೆಯ ಬಯಲುಸೀಮೆಗೆ ಸೇರಿದ ಪ್ರದೇಶ. ಇಲ್ಲಿ ಮುಂಗಾರಿನಲ್ಲಿ ಬಿತ್ತಿದ ಖುಷ್ಕಿ ರಾಗಿಯು ಕೈಗೆ ಬರುವುದು ನವೆಂಬರ್-ಡಿಸೆಂಬರ್ ವೇಳೆಗೆ. ತೆಂಗು, ಈರುಳ್ಳಿಗಳ ಹಣವೂ ತಿಂಗಳು ತಿಂಗಳು ತಪ್ಪದೆ ಬರುವಂಥದಲ್ಲ. ಆದರೆ ಹಲ್ಲುನೋವು ಸುಗ್ಗಿಯನ್ನು ಕಾಯುವುದಿಲ್ಲ. ಹೀಗಾಗಿ ಖಾಸಗಿ ದಂತ ಚಿಕಿತ್ಸಾಲಯದಲ್ಲಿ ಕಂತಿನ ಸಾಲಕ್ಕೆ ಸಹಿ ಹಾಕುವ ಸಂದರ್ಭ ಒದಗುತ್ತದೆ. ಸಾಲ ಮಾಡುವುದೇ ತಪ್ಪೆಂದಲ್ಲ. ಯಾವ ಕೆಲಸಕ್ಕೆ, ಎಷ್ಟು ಸಾಲ, ಯಾವ ಆದಾಯದಿಂದ ತೀರಿಕೆ ಎಂಬುದನ್ನು ಬೆಳೆಯ ಖರ್ಚಿನಂತೆಯೇ ಮೊದಲು ಬರೆದು ನೋಡಬೇಕು.

ಚಿಕಿತ್ಸೆಯನ್ನು ಭಾಗ ಮಾಡಿಕೊಳ್ಳಿ

ಹಲ್ಲಿನ ಮೇಲ್ಪದರಕ್ಕೆ ನರಗಳಿಲ್ಲ. ಆದ್ದರಿಂದ ಹುಳುಕು ಆರಂಭವಾದಾಗ ನೋವು ತಿಳಿಯುವುದಿಲ್ಲ. ಆಗಲೇ ತೋರಿಸಿದರೆ ಹುಳುಕು ತೆಗೆದು ತುಂಬಿಸಿದರೆ ಸಾಕು. ಹುಳುಕು ಒಳಗಿನ ನರದವರೆಗೆ ಇಳಿದ ಮೇಲೆ ಬೇರಿನ ಚಿಕಿತ್ಸೆ, ಅದರ ಮೇಲೆ ಟೋಪಿ ಎಂದು ಖರ್ಚು ಹಲವು ಪಟ್ಟು ಏರುತ್ತದೆ. ಸಕಾಲದಲ್ಲಿ ಕಳೆ ತೆಗೆಯದ ಹೊಲದ ಪಾಡೇ ಇದು.

ವೈದ್ಯರಿಂದ ಪ್ರತಿ ಕೆಲಸದ ದರವನ್ನು ಬೇರೆ ಬೇರೆಯಾಗಿ ಬರೆಸಿಕೊಂಡು, ಮೂರು ಗುಂಪು ಮಾಡಿ:

1. ಈಗಲೇ ಆಗಬೇಕಾದದ್ದು: ನೋವು, ಕೀವು, ಬಾವು.
2. ಬೇಗ ಆಗಬೇಕಾದದ್ದು: ಹುಳುಕು ತುಂಬಿಸುವುದು, ವಸಡಿನ ಚಿಕಿತ್ಸೆ.
3. ವೈದ್ಯರ ಒಪ್ಪಿಗೆಯಿದ್ದರೆ ಸುಗ್ಗಿಯವರೆಗೆ ತಡೆಯಬಹುದಾದದ್ದು: ಬಿದ್ದ ಹಲ್ಲಿನ ಜಾಗಕ್ಕೆ ಹೊಸ ಹಲ್ಲು ಕಟ್ಟಿಸುವುದು.

ಸಾಲ ಬೇಕೇಬೇಕಾದರೆ ಅದು ಮೊದಲ ಎರಡು ಗುಂಪುಗಳಿಗೆ ಮಾತ್ರ ಇರಲಿ. ಆದರೆ ದವಡೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಲೆಕ್ಕ ಹಾಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಬಡ್ಡಿಯ ಲೆಕ್ಕ

ಶೇ. 14 ಬಡ್ಡಿ ಎಂದರೆ ಎಲ್ಲ ಕಡೆಯೂ ಒಂದೇ ಅಲ್ಲ. 40,000 ರೂಪಾಯಿಯನ್ನು ಎರಡು ವರ್ಷಕ್ಕೆ ಪಡೆದಿರೆಂದು ಇಟ್ಟುಕೊಳ್ಳಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ತಿಂಗಳ ಕಂತು ಸುಮಾರು 1,920 ರೂ., ಒಟ್ಟು ಬಡ್ಡಿ ಸುಮಾರು 6,100 ರೂ. ಅಸಲು ತೀರುತ್ತ ಬಂದರೂ ಪೂರ್ತಿ 40,000ದ ಮೇಲೆಯೇ ಬಡ್ಡಿ ಹಾಕಿದರೆ ಕಂತು ಸುಮಾರು 2,133 ರೂ., ಬಡ್ಡಿ 11,200 ರೂ. ಈ ಎರಡನೆಯದು ಹೆಸರಿಗೆ ಶೇ. 14 ಆದರೂ ನಿಜವಾಗಿ ಶೇ. 25ರ ಹತ್ತಿರ ಬೀಳುತ್ತದೆ. ಸಂಸ್ಕರಣಾ ಶುಲ್ಕವನ್ನು ಮೊದಲೇ ಮುರಿದುಕೊಂಡರೆ ಇನ್ನೂ ಹೆಚ್ಚು.

ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಇಂಥ ಹೊಸ ಸಾಲಗಳಿಗೆ ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 1-10-2024ರಿಂದ ಜಾರಿಯಲ್ಲಿದೆ. ಆ ಪತ್ರವನ್ನು ಕೇಳಿ ಪಡೆದು, ಆ ಒಂದು ಅಂಕಿಯನ್ನೇ ಹೋಲಿಸಿ ನೋಡಿ. 'ಬಡ್ಡಿಯಿಲ್ಲದ ಕಂತು' ಎಂದರೆ, ರೊಕ್ಕ ಕೊಟ್ಟರೆ ದರವೆಷ್ಟು ಎಂದು ವಿಚಾರಿಸಿ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ.

ಕಂತು ಎಲ್ಲಿಂದ?

ಕಂತು ತಿಂಗಳಿಗೊಮ್ಮೆ ಬರುತ್ತದೆ, ಬೆಳೆ ವರ್ಷಕ್ಕೊಮ್ಮೆ. ಆದ್ದರಿಂದ ಬರಲಿರುವ ರಾಗಿಯನ್ನು ನಂಬಿ ಕಂತು ಒಪ್ಪಬೇಡಿ. ಡೇರಿ ಹಾಲಿನ ಬಟವಾಡೆಯಲ್ಲಿ ಹಿಂಡಿ-ಬೂಸಾ, ಮನೆಖರ್ಚು ಕಳೆದು ಉಳಿಯುವಷ್ಟಕ್ಕೆ ಮಾತ್ರ ಕಂತು ಇರಲಿ. ಹಸು ಬತ್ತುವ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬೀಜ-ಗೊಬ್ಬರದ ಹಣವನ್ನು ಹಲ್ಲಿಗೆ ಸುರಿದರೆ ಬಿತ್ತನೆ ಹಿಂದೆ ಬಿದ್ದು, ಬೆಳೆಸಾಲವೂ ನಿಲ್ಲುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ ನಿಗದಿಯಲ್ಲಿ ಕೊಯ್ಲಿನ ನಂತರದ ಹಾಗೂ ಮನೆಯ ಖರ್ಚಿಗೆಂದು ಬೆಳೆಸಾಲದ ಶೇ. 10ರಷ್ಟು ಸೇರಿಸುವ ಅವಕಾಶವನ್ನು 2012ರ ಪರಿಷ್ಕೃತ ಯೋಜನೆ ಕೊಟ್ಟಿತು. ನಿಮ್ಮ ಖಾತೆಯಲ್ಲಿ ಅದು ಎಷ್ಟಿದೆ, ಬಡ್ಡಿ ಎಷ್ಟು ಎಂದು ಮೊದಲು ಬ್ಯಾಂಕಿನಲ್ಲಿ ವಿಚಾರಿಸುವುದು ಲೇಸು.

ಗಮನಿಸತಕ್ಕ ಇನ್ನೊಂದು ಅಂಶ

ಸಾಲದ ಹಣ ಪೂರ್ತಿಯಾಗಿ ಮೊದಲೇ ಚಿಕಿತ್ಸಾಲಯಕ್ಕೆ ಸಂದರೆ, ಚಿಕಿತ್ಸೆ ಅರ್ಧಕ್ಕೆ ನಿಂತರೂ ಕಂತು ತಾನಾಗಿ ನಿಲ್ಲುವುದಿಲ್ಲ. ಸಾಲ ನಿಮಗೂ ಕಂಪನಿಗೂ ನಡುವಿನದು. ಬೇರಿನ ಚಿಕಿತ್ಸೆಗೆ ಹಲವು ವೇಳೆ ಎರಡು-ಮೂರು ಭೇಟಿಗಳಾಗುತ್ತವೆ. ಹೊಸ ಹಲ್ಲಿನ ತಿರುಪನ್ನು ದವಡೆಯ ಮೂಳೆ ಹಿಡಿಯಲು ತಿಂಗಳುಗಳೇ ಬೇಕು. ಆದ್ದರಿಂದ ಆದ ಕೆಲಸಕ್ಕೆ ಆಗಾಗ ಹಣ ಕೊಡುವ ಒಪ್ಪಂದ ಮಾಡಿಕೊಳ್ಳಿ. ಚಿಕಿತ್ಸೆ ನಿಂತರೆ ಹಣ ಹಿಂದಕ್ಕೆ ಬರುವುದೇ, ಸುಗ್ಗಿಯಲ್ಲಿ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡವುಂಟೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಸಾಲಕ್ಕೆ ಮುನ್ನ ಬೇರೆ ದಾರಿ

ಮೊದಲು ಕಡೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಯಾವ ಕೆಲಸ ಆಗುವುದೆಂದು ತಿಳಿಯಿರಿ. ದಾವಣಗೆರೆ, ಶಿವಮೊಗ್ಗ, ಹಾಸನಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಮಾಡುವ ಚಿಕಿತ್ಸೆಯ ದರ ಸಾಮಾನ್ಯವಾಗಿ ಕಡಿಮೆ. ಹಲ್ಲೆಲ್ಲ ಉದುರಿದ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ನೀಡಲು ರಾಜ್ಯ ಸರ್ಕಾರ 'ದಂತ ಭಾಗ್ಯ' ಯೋಜನೆಯನ್ನು ತಂದಿತು. ಮನೆಯ ಹಿರಿಯರಿಗೆ ಅದು ದೊರೆಯುವುದೇ ಎಂದು ಪಡಿತರ ಚೀಟಿಯೊಡನೆ ಹೋಗಿ ಕೇಳಿ.

ರೈತ ಬಾಂಧವರು ಬಿತ್ತನೆಗೆ ಮುಂಚೆ ಬೀಜ ಪರೀಕ್ಷಿಸುವಂತೆ, ವರ್ಷಕ್ಕೊಮ್ಮೆ ಮನೆಮಂದಿಯ ಹಲ್ಲನ್ನೂ ಪರೀಕ್ಷೆ ಮಾಡಿಸಲಿ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸಿರುವ ಜನವರಿ ತಿಂಗಳು ಇದಕ್ಕೆ ತಕ್ಕ ಕಾಲ. ಆಗ ತುಂಬಿಸಿದ ಒಂದು ಸಣ್ಣ ಹುಳುಕು ಮುಂದೆ ಎರಡು ವರ್ಷದ ಕಂತನ್ನೇ ಉಳಿಸಬಲ್ಲದು.