‘ಎಂಜಿನ್ ಕೆಲಸ ಆಗಿದೆ’ ಅಂದರೆ ಸಾಕೇ? ಅಳತೆ ಎಲ್ಲಿ?

ಮಕ್ಕಳೇ, ಹಳೇ ಬೈಕು, ಟ್ರ್ಯಾಕ್ಟರು ಮಾರುವವರು “ಎಂಜಿನ್ ಬೋರ್ ಮಾಡಿಸಿದೆ, ಇನ್ನು ಹತ್ತು ವರ್ಷ ನೋಡಬೇಕಾಗಿಲ್ಲ” ಅನ್ನುವುದನ್ನು ನೀವು ಕೇಳಿರುತ್ತೀರಿ. ಕೊಳ್ಳುವವರು ಆ ಮಾತಿಗೆ ಹೆಚ್ಚಿನ ದುಡ್ಡು ಕೊಡುತ್ತಾರೆ. ಮಾತು ನಿಜವಾದರೆ ಲಾಭ, ಸುಳ್ಳಾದರೆ ಮನೆಯ ಉಳಿತಾಯವೇ ಹೋಗುತ್ತದೆ. ನಿಜವೋ ಸುಳ್ಳೋ ಎಂದು ತಿಳಿಯಲು ನಿಮ್ಮ ಪಾಠದ ಭೌತಶಾಸ್ತ್ರವೇ ನೆರವಾಗುತ್ತದೆ. ಉದಾಹರಣೆಗೆ ಒಂದು ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳೋಣ.

ಕಾರಿನ ಪರಿಚಯ

ಜಪಾನಿನ ಮಜ್ದಾ ಕಂಪನಿಯ ಎಂಎಕ್ಸ್-5 ಎರಡೇ ಸೀಟಿನ, ಮೇಲ್ಛಾವಣಿ ಮಡಚಬಹುದಾದ ಪುಟ್ಟ ಕಾರು. 1989ರಲ್ಲಿ ಅಮೆರಿಕದ ಶಿಕಾಗೋ ಪ್ರದರ್ಶನದಲ್ಲಿ ಮೊದಲು ತೋರಿಸಿದರು. ಅಲ್ಲಿ ಇದನ್ನು ಮಿಯಾಟಾ ಅನ್ನುತ್ತಾರೆ. 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಮೊದಲ ಕಾರುಗಳಿಗೆ ಈಗ ಮೂವತ್ತು ವರ್ಷಕ್ಕೂ ಹೆಚ್ಚು ವಯಸ್ಸು. ಹಾಗಾಗಿ ಅಮೆರಿಕ, ಬ್ರಿಟನ್, ಜಪಾನಿನಲ್ಲಿ ಮಾರಾಟಕ್ಕೆ ಬರುವ ಇಂಥ ಕಾರುಗಳಲ್ಲಿ ಎಂಜಿನ್ ಬಿಚ್ಚಿ ಮತ್ತೆ ಕಟ್ಟಿದವೂ ಇರುತ್ತವೆ.

ಎಂಜಿನ್ ಮತ್ತೆ ಕಟ್ಟುವುದು ಎಂದರೇನು?

ಸಿಲಿಂಡರಿನೊಳಗೆ ಪಿಸ್ಟನ್ ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಓಡುತ್ತದೆ. ವರ್ಷಗಳು ಕಳೆದಂತೆ ಸಿಲಿಂಡರಿನ ಗೋಡೆ ಸವೆಯುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ದುಂಡಗಿದ್ದದ್ದು ತುಸು ಅಂಡಾಕಾರವಾಗುತ್ತದೆ. ಆಗ ಪಿಸ್ಟನ್ ರಿಂಗುಗಳು ಗೋಡೆಗೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಸಂದಿನಲ್ಲಿ ಗಾಳಿ ಸೋರುತ್ತದೆ, ಆಯಿಲ್ ಮೇಲೇರಿ ಸುಡುತ್ತದೆ.

ಇದನ್ನು ಸರಿಪಡಿಸಲು ಸಿಲಿಂಡರನ್ನು ಯಂತ್ರದಲ್ಲಿ ಕೊರೆದು ಮತ್ತೆ ದುಂಡಗೆ ಮಾಡುತ್ತಾರೆ. ಸ್ವಲ್ಪ ದೊಡ್ಡ ಪಿಸ್ಟನ್, ಹೊಸ ರಿಂಗು, ಬೇರಿಂಗು, ಗ್ಯಾಸ್ಕೆಟ್ ಹಾಕುತ್ತಾರೆ. ಇದು ಪೂರ್ತಿ ಕೆಲಸ. ಕೆಲವರು ಬರೀ ರಿಂಗು ಬದಲಿಸಿ, ಹೊರಗೆ ಬಣ್ಣ ಬಳಿದು ಅದಕ್ಕೂ ‘ಎಂಜಿನ್ ಕೆಲಸ’ ಅಂತಲೇ ಹೇಳುತ್ತಾರೆ! ಎರಡಕ್ಕೂ ಹೆಸರು ಒಂದೇ ಆದ್ದರಿಂದ ಹೆಸರನ್ನು ನಂಬಿ ಪ್ರಯೋಜನವಿಲ್ಲ.

ಲೆಕ್ಕ ಹಾಕಿ ನೋಡೋಣ

ಮೊದಲ ಎಂಎಕ್ಸ್-5ರ ಎಂಜಿನ್ನಿನಲ್ಲಿ 4 ಸಿಲಿಂಡರುಗಳು. ಒಂದೊಂದರ ವ್ಯಾಸ 7.8 ಸೆಂ.ಮೀ., ಪಿಸ್ಟನ್ ಓಡುವ ದೂರ 8.36 ಸೆಂ.ಮೀ. ಸಿಲಿಂಡರಿನ ಗಾತ್ರದ ಸೂತ್ರ ನಿಮಗೆ ಗೊತ್ತು.

3.1416 × 3.9 × 3.9 × 8.36 = ಸುಮಾರು 399.5 ಘನ ಸೆಂ.ಮೀ.

ನಾಲ್ಕರಿಂದ ಗುಣಿಸಿದರೆ 1598, ಅಂದರೆ 1.6 ಲೀಟರ್.

ಈಗ ವ್ಯಾಸವನ್ನು ಅರ್ಧ ಮಿಲಿಮೀಟರ್ ಹೆಚ್ಚಿಸಿ 7.85 ಸೆಂ.ಮೀ. ಮಾಡಿ. ಉತ್ತರ ಸುಮಾರು 1618. ಹೆಚ್ಚಿದ್ದು 20 ಘನ ಸೆಂ.ಮೀ. ಮಾತ್ರ, ಅಂದರೆ ನೂರಕ್ಕೆ ಒಂದೂಕಾಲರಷ್ಟು. “ಬೋರ್ ಮಾಡಿಸಿದ ಮೇಲೆ ಗಾಡಿ ಬಾಣದ ಹಾಗೆ ಹೋಗುತ್ತೆ” ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. ಬೋರ್ ಮಾಡಿಸುವುದು ಕಳೆದುಹೋದ ಬಿಗಿಯನ್ನು ಮರಳಿ ತರಲು.

ಒತ್ತಡ ಹೇಳುವ ಸತ್ಯ

ಆ ಬಿಗಿಯನ್ನು ಅಳೆಯುವುದು ಹೇಗೆ? ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒತ್ತಡದ ಮೀಟರ್ ಸಿಕ್ಕಿಸಿ, ಸ್ಟಾರ್ಟರಿನಿಂದ ಎಂಜಿನ್ ತಿರುಗಿಸುತ್ತಾರೆ. ಇದೇ ಕಂಪ್ರೆಷನ್ ಪರೀಕ್ಷೆ. ಪೆಟ್ರೋಲು, ಕಿಡಿ ಎರಡನ್ನೂ ಮೊದಲೇ ನಿಲ್ಲಿಸಿರಬೇಕು. ಇದು ಮೆಕ್ಯಾನಿಕ್ ಮಾಡುವ ಕೆಲಸ, ನೀವು ಕೈ ಹಾಕಬೇಡಿ.

ಈ ಎಂಜಿನ್ ಗಾಳಿಯನ್ನು 9.4ರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಬಾಯ್ಲ್ ನಿಯಮದ ಪ್ರಕಾರ ಒತ್ತಡ 9.4 ಪಟ್ಟು ಆಗಬೇಕು. ಆದರೆ ಚೆನ್ನಾಗಿರುವ ಎಂಜಿನ್ನಿನಲ್ಲಿ ಮೀಟರ್ ಅದಕ್ಕಿಂತ ಹೆಚ್ಚು, ಚದರ ಸೆಂಟಿಮೀಟರಿಗೆ 12–13 ಕೆ.ಜಿ. ತೋರಿಸುತ್ತದೆ. ಬಾಯ್ಲ್ ತಪ್ಪಿದರೇ? ಇಲ್ಲ. ಉಷ್ಣತೆ ಬದಲಾಗದಿದ್ದರೆ ಮಾತ್ರ ಅವರ ನಿಯಮ ಅನ್ವಯಿಸುತ್ತದೆ. ಗಾಳಿಯನ್ನು ಥಟ್ಟನೆ ಒತ್ತಿದಾಗ ಅದು ಬಿಸಿಯಾಗುತ್ತದೆ, ಒತ್ತಡ ಇನ್ನೂ ಏರುತ್ತದೆ.

ಒಂದು ಸಂಖ್ಯೆಗಿಂತ ನಾಲ್ಕನ್ನೂ ಹೋಲಿಸಿ ನೋಡುವುದು ಮುಖ್ಯ. ಅಳತೆಗಳು 13.0, 12.8, 9.1, 12.9 ಬಂದವು ಎಂದುಕೊಳ್ಳಿ. ಮೂರನೆಯದು ಮೊದಲಿನದಕ್ಕಿಂತ ನೂರಕ್ಕೆ 30ರಷ್ಟು ಕಡಿಮೆ. ಗಾಳಿ ಎಲ್ಲೋ ಸೋರುತ್ತಿದೆ. ನಾಲ್ಕೂ ಒಂದೇ ಸಮ ಕಡಿಮೆ ಬಂದರೆ? ಎಂಜಿನ್ ಪೂರ್ತಿ ಸವೆದಿರಬಹುದು, ಅಥವಾ ಬ್ಯಾಟರಿ ದುರ್ಬಲವಾಗಿ ಎಂಜಿನ್ ನಿಧಾನ ತಿರುಗಿರಬಹುದು. ಬ್ಯಾಟರಿ ಸರಿಮಾಡಿ ಮತ್ತೆ ಅಳೆಯಬೇಕು.

ಎಲ್ಲಿ ಸೋರುತ್ತಿದೆ?

ಮೂರನೇ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಒತ್ತಡ ಚೆನ್ನಾಗಿ ಏರಿದರೆ ಸೋರಿಕೆ ರಿಂಗಿನ ಪಕ್ಕದಲ್ಲಿ, ಯಾಕೆಂದರೆ ಆಯಿಲ್ ಆ ಸಂದನ್ನು ಮುಚ್ಚಿತು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒಟ್ಟಿಗೆ ಒತ್ತಡ ಕಡಿಮೆಯಿದ್ದರೆ, ನಡುವಿನ ಗ್ಯಾಸ್ಕೆಟ್ ಹೋಗಿರಬಹುದು.

ಹೊಗೆಯೂ ಮಾತಾಡುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಬಂದರೆ ಪೆಟ್ರೋಲು ಹೆಚ್ಚಾಗಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಒಳಗೆ ಬರುತ್ತಿರಬಹುದು. ಬಿಸಿ ಎಂಜಿನ್ ಕೆಲವು ದೋಷಗಳನ್ನು ಮರೆಮಾಡುತ್ತದೆ. ಅದಕ್ಕೇ ಕಾರನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಬೇಕು.

ಒಂದು ಪರೀಕ್ಷೆ, ಒಂದೇ ಉತ್ತರ

ಒತ್ತಡ ಸರಿ ಬಂತು ಅಂದಕೂಡಲೇ ಕಾರು ಸರಿಯಿದೆ ಅಂತಲ್ಲ. 1991ರ ಮಧ್ಯದವರೆಗಿನ ಎಂಎಕ್ಸ್-5ಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಮುಂದಿನ ತುದಿ ಗಿಡ್ಡ. ಅಲ್ಲಿಯ ಬೋಲ್ಟ್ ಸರಿಯಾಗಿ ಬಿಗಿಯಾಗದಿದ್ದರೆ ಪುಲ್ಲಿ ಹಿಡಿದಿರುವ ಜಾಗ ಸವೆದು ಪುಲ್ಲಿ ಅಲುಗಾಡುತ್ತದೆ. ಪಿಸ್ಟನ್ ಹೊಸದಾದರೂ ಶಾಫ್ಟ್ ಹಳೆಯದೇ ಇದ್ದರೆ ಈ ತೊಂದರೆ ಹಾಗೇ ಉಳಿಯುತ್ತದೆ. ಒತ್ತಡದ ಮೀಟರ್ ಅದನ್ನು ಹೇಳಲಾರದು. ಎಂಜಿನ್ ಓಡುವಾಗ ಪುಲ್ಲಿಯನ್ನು ದೂರದಿಂದ ನೋಡಿಯೇ ತಿಳಿಯಬೇಕು. ಹಾಗೆಯೇ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಬ್ರಿಟನ್ನಿನಲ್ಲಿ ಈ ಕಾರಿನ ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ತುಕ್ಕು ತಿಂದ ಕಾರು ಅಪಘಾತದಲ್ಲಿ ಒಳಗಿದ್ದವರನ್ನು ಕಾಯುವುದಿಲ್ಲ.

ಕೇಳಬೇಕಾದ ಮೂರು ಪ್ರಶ್ನೆ

1. ಏನೇನು ಬದಲಿಸಿದ್ದೀರಿ? ಬಿಲ್ಲು, ಫೋಟೋ ಇವೆಯೇ?
2. ಕೊರೆದ ಮೇಲೆ ಸಿಲಿಂಡರಿನ ಅಳತೆ ಎಷ್ಟು? ಬರೆದಿಟ್ಟಿದ್ದೀರಾ?
3. ಕಟ್ಟಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ?

ಮೂರನೆಯದು ವಿಚಿತ್ರ ಅನ್ನಿಸಬಹುದು. ಕಟ್ಟಿ 50 ಕಿ.ಮೀ. ಓಡಿದ್ದು ಹೊಸದು, ಆದ್ದರಿಂದ ಅದೇ ಒಳ್ಳೆಯದಲ್ಲವೇ? ಹಾಗೇನಿಲ್ಲ. ಹೊಸ ರಿಂಗು ಗೋಡೆಗೆ ಹೊಂದಿಕೊಳ್ಳಲು ಸಮಯ ಬೇಕು. ಕೆಲಸದಲ್ಲಿ ತಪ್ಪಿದ್ದರೆ ಸಾಮಾನ್ಯವಾಗಿ ಆಗಲೇ ಬಯಲಾಗುತ್ತದೆ. 5,000 ಕಿ.ಮೀ. ಓಡಿ, ಅಳತೆಯೂ ಸರಿಯಿರುವ ಎಂಜಿನ್ ಒಂದು ಪರೀಕ್ಷೆ ಪಾಸಾದ ಹಾಗೆ.

ಮಾಡಿ ನೋಡಿ

ಚರ್ಮದ ವಾಷರ್ ಒಣಗಿರುವ ಹಳೇ ಸೈಕಲ್ ಪಂಪು ತನ್ನಿ. ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಗಾಳಿ ನಿಲ್ಲುತ್ತದೆಯೇ? ವಾಷರಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಮತ್ತೆ ಒತ್ತಿ. ಏನು ಬದಲಾಯಿತು? ಹತ್ತಾರು ಸಲ ಬೇಗ ಬೇಗ ಒತ್ತಿ ಪಂಪಿನ ತುದಿ ಮುಟ್ಟಿ ನೋಡಿ. ಕಂಡದ್ದನ್ನೆಲ್ಲ ಬರೆದಿಡಿ.

ಯೋಚಿಸಿ

1. ವ್ಯಾಸ 7.825 ಸೆಂ.ಮೀ. ಆದರೆ ಎಂಜಿನ್ನಿನ ಒಟ್ಟು ಗಾತ್ರ ಎಷ್ಟು?
2. ಅಳತೆಗಳು 12.9, 8.2, 8.4, 13.0. ನಿಮ್ಮ ಅನುಮಾನ ಯಾವುದರ ಮೇಲೆ? ಯಾಕೆ?
3. ಮನೆಯಲ್ಲಿ ಹಳೇ ಬೈಕು ಕೊಳ್ಳುವ ಮಾತು ಬಂದರೆ ನೀವು ಕೇಳುವ ಮೊದಲ ಪ್ರಶ್ನೆ ಯಾವುದು?